ಆಧಾರವಿಲ್ಲದ ಶಾಲೆ

ನಮ್ಮ ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಮೆರಿಕದಲ್ಲಿ, ಕ್ಯಾಂಟನ್ನಿನ ನಮ್ಮ ಮನೆಗೆ ಬಂದು ನೆಲೆಸಿದ ಮೇಲೆ ‘ಥ್ಯಾಂಕ್ ಯು’, ‘ಸ್ನೋ’, ‘ಗರಾಜ್’ ಇಂಥ ಕೆಲವು ಮಾತುಗಳನ್ನು ಕಲಿತಿದ್ದರು. ಅವುಗಳ ಜೊತೆಗೆ ಅವರು ಕಲಿತ ಇನ್ನೊಂದು ಮಾತು ‘ಸೈಟೇಶನ್ ನೀಡೆಡ್’. ಕಲಿಸಿದವಳು ನನ್ನ ಮಗಳು. ಅದು ನಮ್ಮ ಮನೆಯೊಳಗೆ ಬಂದದ್ದು ನನ್ನಿಂದ.

ನಾನು ಪಕ್ಕದ ಲಿವೋನಿಯಾದಲ್ಲಿ, ಕಾರಿನ ಬ್ರೇಕಿನ ಭಾಗಗಳನ್ನು ತಯಾರಿಸುವ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಟೆಸ್ಟ್ ರಿಪೋರ್ಟಿನಲ್ಲಿ ಒಂದು ಅಂಕಿ ಇದ್ದರೆ ಅದು ಯಾವ ಯಂತ್ರದಿಂದ ಬಂತು, ಯಾರು ಅಳೆದರು ಎಂದು ಕೇಳುವುದೇ ನನ್ನ ಉದ್ಯೋಗ. ಈ ಗುಣ ವಾರಾಂತ್ಯದಲ್ಲೂ ಬಿಡಲಿಲ್ಲ. ಕನ್ನಡದಲ್ಲೊಂದು ಆನ್‌ಲೈನ್ ವಿಶ್ವಕೋಶವಿದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಮಗಳು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಉಳಿದ ಹೊತ್ತನ್ನು ನಾನು ಅದಕ್ಕೆ ಕೊಟ್ಟೆ. ಬರೆಯುವುದಕ್ಕಿಂತ ನನಗೆ ಒಗ್ಗಿದ್ದು ಬೇರೆಯವರು ಬರೆದದ್ದನ್ನು ನೋಡುವ ಕೆಲಸ. ‘ಈ ದೇವಸ್ಥಾನ ಸಾವಿರ ವರ್ಷ ಹಳೆಯದು’, ‘ಈ ಸೊಪ್ಪಿನಿಂದ ಎಲ್ಲ ಕಾಯಿಲೆಯೂ ವಾಸಿಯಾಗುತ್ತದೆ’ ಎಂದು ಜನ ಧಾರಾಳವಾಗಿ ಬರೆದುಬಿಡುತ್ತಾರೆ. ಅಂಥ ಸಾಲು ಕಂಡರೆ ಅದರ ಕೊನೆಗೆ ಚಿಕ್ಕ ಅಕ್ಷರದಲ್ಲಿ ಒಂದು ಗುರುತು ಹಾಕುತ್ತಿದ್ದೆ: ‘ಸಾಕ್ಷ್ಯಾಧಾರ ಬೇಕಾಗಿದೆ’. ಇಂಗ್ಲಿಷಿನಲ್ಲಿ ಅದೇ ‘ಸೈಟೇಶನ್ ನೀಡೆಡ್’.

ಆ ಗುರುತು ನನಗೆ ಬಹಳ ಇಷ್ಟವಾಗಿತ್ತು. ಅದು ಯಾರನ್ನೂ ಸುಳ್ಳುಗಾರ ಎನ್ನುವುದಿಲ್ಲ. ಸಾಲನ್ನು ಅಳಿಸುವುದೂ ಇಲ್ಲ. ಇದು ಎಲ್ಲಿ ಸಿಕ್ಕಿತು, ದಯವಿಟ್ಟು ಹೇಳಿ ಎಂದು ಕೇಳಿ ಸುಮ್ಮನೆ ಕಾಯುತ್ತದೆ. ಅಷ್ಟು ಮರ್ಯಾದೆಯಿಂದ ಅನುಮಾನ ಪಡುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಮಗಳ ಪೀಳಿಗೆಗೆ ಅದು ವಿಶ್ವಕೋಶದ ಗುರುತಾಗಿ ಉಳಿದಿರಲಿಲ್ಲ, ಆಡುಮಾತಾಗಿತ್ತು. ಓದು ಮುಗಿಸಿದ ಮೇಲೆ ಶಿಕಾಗೊ ಬಳಿಯ ಬೋಲಿಂಗ್‌ಬ್ರೂಕಿನ ದೊಡ್ಡ ವೇರ್‌ಹೌಸೊಂದರಲ್ಲಿ ಅವಳಿಗೆ ಸರಕು ಸಾಗಣೆಯ ಲೆಕ್ಕಾಚಾರದ ಕೆಲಸ. ಅಲ್ಲಿಯ ಮೀಟಿಂಗಿನಲ್ಲಿ ಯಾರಾದರೂ ‘ಗುರುವಾರದೊಳಗೆ ಎಲ್ಲ ಲಾರಿಗಳೂ ಹೊರಡುತ್ತವೆ’ ಎಂದರೆ ಇನ್ನೊಬ್ಬರು ಮೆಲ್ಲಗೆ ‘ಸೈಟೇಶನ್ ನೀಡೆಡ್’ ಅನ್ನುತ್ತಾರಂತೆ, ಎಲ್ಲರೂ ನಗುತ್ತಾರಂತೆ. ಅವಳ ಕಾಫಿ ಮಗ್ಗಿನ ಮೇಲೂ ಅದೇ ಇತ್ತು. ಒಮ್ಮೆ ಶಿಕಾಗೊದ ರೈಲು ಸ್ಟೇಶನ್ನಿನಲ್ಲಿ ‘ಇದು ನಗರದ ಅತ್ಯುತ್ತಮ ಪಿಜ್ಜಾ’ ಎಂಬ ಜಾಹೀರಾತಿನ ಕೆಳಗೆ ಯಾರೋ ಅದನ್ನೇ ಸ್ಟಿಕ್ಕರ್ ಮಾಡಿ ಅಂಟಿಸಿದ್ದರು. ಅವಳು ಫೋಟೊ ತೆಗೆದು ನನಗೆ ಕಳಿಸಿದ್ದಳು. ನಾನು ಪುಟ್ಟ ಕಿಟಕಿಯಂಥ ಕಂಪ್ಯೂಟರಿನೊಳಗೆ ಮಾಡುತ್ತಿದ್ದ ಕೆಲಸ ಊರ ಗೋಡೆಯ ಮೇಲೆ ಬಂದಿದೆ ಅನ್ನಿಸಿ ಆ ದಿನ ಹೆಮ್ಮೆಯಾಗಿತ್ತು.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅವಳು ಮನೆಗೆ ಬಂದಾಗ ನಮ್ಮ ಯಜಮಾನರು ಊಟದ ಮಧ್ಯೆ, “ಜೋಳದ ರೊಟ್ಟಿ ತಿನ್ನೋರಿಗೆ ಶುಗರ್ ಬರೋದೇ ಇಲ್ಲ,” ಅಂದರು.

“ಸೈಟೇಶನ್ ನೀಡೆಡ್, ಡ್ಯಾಡ್,” ಅಂದಳು ಮಗಳು.

ಅತ್ತೆ ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ಏನಂತಾಳವಾ ಇಕಿ?”

“ಅಪ್ಪ ಹೇಳಿದ್ದಕ್ಕೆ ಪುರಾವೆ ಏನು ಅಂತ ಕೇಳ್ತಿದಾಳೆ ಅತ್ತೆ.”

“ಪುರಾವೆ ಯಾಕ? ನಾ ಇಲ್ಲೇ ಕುಂತೀನಲ್ಲ, ಎಂಬತ್ತು ದಾಟಿ, ರೊಟ್ಟಿ ತಿಂದು,” ಅಂದರು ಅತ್ತೆ. ಎಲ್ಲರೂ ನಕ್ಕೆವು. ಮೊಮ್ಮಗಳ ಬಾಯಲ್ಲಿ ಆ ಮಾತನ್ನು ಎರಡು ಮೂರು ಸಲ ಹೇಳಿಸಿ, ತಾವೂ ಹೇಳಿ ರೂಢಿ ಮಾಡಿಕೊಂಡರು. ಅದಾದ ಮೇಲೆ ಟಿವಿಯಲ್ಲಿ ಹವಾಮಾನ ಹೇಳುವಾತ ನಾಳೆ ಬಿಸಿಲು ಎಂದರೆ “ಸೈಟೇಸನ್ ನೀಡೆಡ್” ಅನ್ನುವರು. ಮಗ ಆರು ಗಂಟೆಗೆಲ್ಲ ಬಂದುಬಿಡ್ತೀನವ್ವಾ ಎಂದು ಆಫೀಸಿನಿಂದ ಫೋನ್ ಮಾಡಿದರೂ ಅದೇ. ಆ ಚಳಿಗಾಲ ನಮ್ಮ ಮನೆಯಲ್ಲಿ ನಗು ಜಾಸ್ತಿಯಿತ್ತು.

ಅತ್ತೆ ಬಿಜಾಪುರದ ಕಡೆಯವರು. ನಾನು ಮೈಸೂರಿನವಳು. ಮದುವೆಯಾದ ಹೊಸದರಲ್ಲಿ ಅವರ ಮಾತು ನನಗೆ, ನನ್ನ ಮಾತು ಅವರಿಗೆ ಅರ್ಧವೇ ತಿಳಿಯುತ್ತಿತ್ತು. ಕ್ಯಾಂಟನ್ನಿಗೆ ಬಂದ ಮೇಲೆ, ಹಿಮದಿಂದ ಹೊರಗೆ ಕಾಲಿಡಲಾಗದ ತಿಂಗಳುಗಳಲ್ಲಿ ನಾವಿಬ್ಬರೂ ಮಾತಾಡುವುದನ್ನು ಕಲಿತೆವು. ಅಂಥದೇ ಒಂದು ಶನಿವಾರ ಮಧ್ಯಾಹ್ನ ಅವರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಾನು ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಅವರ ಊರಿನ ಬಗ್ಗೆ ವಿಶ್ವಕೋಶದಲ್ಲಿ ಒಂದು ಪುಟವಿರುವುದು ಕಣ್ಣಿಗೆ ಬಿತ್ತು. ಖುಷಿಪಡಲಿ ಎಂದು ಓದಿ ಹೇಳಿದೆ. ಕೆರೆ, ಸಂತೆ, ಮಠ ಎಲ್ಲಕ್ಕೂ ತಲೆಯಾಡಿಸುತ್ತಾ ಬಂದರು. ಆಮೇಲೆ ಈ ಸಾಲು ಬಂತು: ಊರಿನ ಹೆಣ್ಣುಮಕ್ಕಳ ಶಾಲೆಯನ್ನು ಸ್ವಾತಂತ್ರ್ಯಕ್ಕೂ ಮುಂಚೆಯೇ, ಅಲ್ಲಿನ ಸಾಹುಕಾರರು ಸ್ಥಾಪಿಸಿದರು.

ರೊಟ್ಟಿ ಬಡಿಯುವ ಸದ್ದು ನಿಂತಿತು.

“ಇನ್ನೊಮ್ಮಿ ಓದು,” ಅಂದರು.

ಓದಿದೆ.

“ಸಾಲಿ ಸುರು ಮಾಡಿದ್ದು ಸಾವಕಾರ್ರಲ್ಲ. ನಮ್ಮವ್ವ.”

ಅವರ ತಾಯಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗನ ಕೈ ಹಿಡಿದು ಮಗಳನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ಮರಳಿದವರು ಎಂಬುದಷ್ಟೇ ನನಗೆ ಅದುವರೆಗೆ ಗೊತ್ತಿದ್ದದ್ದು. ಆ ಮಧ್ಯಾಹ್ನ ಉಳಿದದ್ದನ್ನು ಕೇಳಿದೆ. ಆಕೆ ಚಿಕ್ಕಂದಿನಲ್ಲಿ, ಅಣ್ಣ ಪಾಠ ಒಪ್ಪಿಸುವಾಗ ಪಕ್ಕದಲ್ಲಿ ಕೂತು ಅಕ್ಷರ ಕಲಿತವರು. ತವರಿನ ಪಡಸಾಲೆಯಲ್ಲಿ ಓಣಿಯ ಹುಡುಗಿಯರನ್ನು ಕೂಡಿಸಿಕೊಂಡು ಕಲಿಸತೊಡಗಿದರು. ಬರೆಯಲು ಪಾಟಿ ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಮೊರದಲ್ಲಿ ಉಸುಕು ಹರವಿ ಅದರ ಮೇಲೆ ಬೆರಳಿನಿಂದ ಬರೆಸುತ್ತಿದ್ದರು. ಹುಡುಗಿಯರು ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರುತ್ತಿದ್ದರು. ಸಾಹುಕಾರರ ಮಗಳೂ ಅಲ್ಲೇ ಕಲಿತಳು. ಮಗಳು ತನ್ನ ಹೆಸರು ಬರೆದು ತೋರಿಸಿದಾಗ ಸಾಹುಕಾರರಿಗೆ ಸಂತೋಷವಾಗಿ ಗುಡಿಯ ಹತ್ತಿರ ಒಂದು ಕೋಣೆ ಕಟ್ಟಿಸಿಕೊಟ್ಟರು. ಸರ್ಕಾರದ ಮಾನ್ಯತೆ ಬಂತು. ಹೊರಗಿನಿಂದ ಒಬ್ಬ ಮಾಸ್ತರು ಬಂದರು.

“ಮತ್ತೆ ನಿಮ್ಮವ್ವ?” ಅಂದೆ.

“ಆಕೀನ್ನ ಕರೀಲಿಲ್ಲ. ಸರ್ಟಿಫಿಕೇಟ್ ಇದ್ದಿಲ್ಲಲ್ಲ.” ಅತ್ತೆ ಹಿಟ್ಟಿನ ಕೈ ಒರೆಸಿಕೊಂಡರು. “ಅದಕ್ಕೇನು ಆಕಿ ಅಳ್ಲಿಲ್ಲ ಬಿಡು. ಹುಡುಗ್ಯಾರು ಕಲಿತಾವಲ್ಲ ಅಂದ್ಳು. ಆದ್ರ ಸುರು ಮಾಡಿದ್ದು ಆಕಿ. ಅದನ್ನ ಬರಿ.”

ನಾನು ಮೊದಲು ಸಾಹುಕಾರರ ಸಾಲಿಗೆ ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂಬ ಗುರುತು ಹಾಕಿದೆ. ಅದು ನ್ಯಾಯವಾಗಿತ್ತು, ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಅದರ ಕೆಳಗೆ ಅತ್ತೆಯ ಅವ್ವನ ಬಗ್ಗೆ ಎರಡು ಸಾಲು ಬರೆದೆ. ಅತ್ತೆ ಕನ್ನಡಕ ಹಾಕಿಕೊಂಡು ತೆರೆಯ ಮೇಲೆ ತಮ್ಮ ತಾಯಿಯ ಹೆಸರನ್ನು ನೋಡಿದರು. ಬೆರಳು ಮುಂದೆ ಚಾಚಿ, ಮುಟ್ಟಿದರೆ ಏನಾದರೂ ಆದೀತೆಂದು ಹಿಂದಕ್ಕೆ ತೆಗೆದುಕೊಂಡರು.

ಕೆಲವು ದಿನಗಳಲ್ಲಿ ನನ್ನ ಸಾಲುಗಳಿಗೂ ಅದೇ ಗುರುತು ಬಿತ್ತು. ಹಾಕಿದವರು ಯಾರೋ ನನಗೆ ಗೊತ್ತಿಲ್ಲ. ಅಲ್ಲಿ ಎಲ್ಲರೂ ಇಟ್ಟುಕೊಂಡ ಹೆಸರಿನಲ್ಲೇ ಬರೆಯುತ್ತಾರೆ. ನನಗೆ ಕೋಪ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆಧಾರ ಹುಡುಕಿದರಾಯಿತು ಎಂದುಕೊಂಡೆ.

ವಸಂತ ಬಂದು ರಸ್ತೆ ಒಣಗಿದ ಮೇಲೆ ಅತ್ತೆಯನ್ನು ಕರೆದುಕೊಂಡು ಬೋಲಿಂಗ್‌ಬ್ರೂಕಿಗೆ ಹೋದೆ. ಅವರನ್ನು ಮಗಳ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಬಿಟ್ಟು ನಾನೂ ಮಗಳೂ ಶಿಕಾಗೊದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದೆವು. ಬ್ರಿಟಿಷರ ಕಾಲದ ಜಿಲ್ಲಾ ಗೆಝೆಟಿಯರುಗಳು, ಶಿಕ್ಷಣ ಇಲಾಖೆಯ ಹಳೆಯ ವರದಿಗಳು ಅಲ್ಲಿವೆ ಎಂದು ಅವಳೇ ಪತ್ತೆ ಮಾಡಿದ್ದಳು. ಇಡೀ ದಿನ ಹುಡುಕಿದೆವು. ಅತ್ತೆಯ ಊರಿನ ಹೆಸರು ಒಂದು ಕಡೆ ಸಿಕ್ಕಿತು. ಮಗಳು ಆ ಸಾಲನ್ನು ಓದಿದಳು. ಅಲ್ಲಿ ಒಂದು ಅಂಚೆ ಕಚೇರಿ, ಒಂದು ಹೆಣ್ಣುಮಕ್ಕಳ ಶಾಲೆ, ವಾರಕ್ಕೊಂದು ಸಂತೆ. ಅಷ್ಟೇ. ಯಾರು ತೆರೆದರು ಎಂಬುದಿಲ್ಲ.

“ದಿಸ್ ಇಸ್ ಇಟ್?” ಅಂದಳು.

“ಅಷ್ಟೇ ಕಣೇ.”

ಅವಳು ಪುಸ್ತಕ ಮುಚ್ಚಿದಳು. ಅವಳ ಮನೆಗೆ ಹಿಂದಿರುಗಿದಾಗ ಅತ್ತೆ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. “ಸಿಕ್ತೇನು?” ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ತನಗೆ ಬರುವ ಅರೆಬರೆ ಕನ್ನಡದಲ್ಲೇ, “ಇಲ್ಲ ಅಜ್ಜಿ. ಬುಕ್‌ನಲ್ಲಿ ಇಲ್ಲ,” ಅಂದಳು. ಅವಳು ಅಜ್ಜಿಯ ಎದುರು ಆ ಇಂಗ್ಲಿಷ್ ಮಾತನ್ನು ಮತ್ತೆಂದೂ ಆಡಲಿಲ್ಲ.

ಆಧಾರವಿಲ್ಲದ ಸಾಲು ಬಹಳ ಕಾಲ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಅವ್ವನ ಬಗ್ಗೆ ನಾನು ಬರೆದ ಸಾಲುಗಳನ್ನು ಯಾರೋ ತೆಗೆದುಹಾಕಿದರು. ಅತ್ತೆಗೆ ಹೇಳಲಿಲ್ಲ. ಹಳೆಯದೆಂದೋ ಏನೋ ಸಾಹುಕಾರರ ಸಾಲು ಉಳಿದಿತ್ತು, ಆದರೆ ನನ್ನ ಗುರುತನ್ನು ಬಾಲದಲ್ಲಿಟ್ಟುಕೊಂಡು. ಕಡೇಪಕ್ಷ ಅನುಮಾನವಾದರೂ ಉಳಿಯಿತಲ್ಲ ಎಂಬ ಸಮಾಧಾನದಲ್ಲಿ ಎರಡು ವರ್ಷ ಕಳೆದೆ.

ಆಮೇಲೆ ಅದೂ ಹೋಯಿತು. ಅತ್ತೆಯ ಊರಿನ ಬಗ್ಗೆ ಆ ಕಡೆಯ ಪತ್ರಿಕೆಯೊಂದರಲ್ಲಿ ಲೇಖನ ಬಂದಿತ್ತು. ಅದರಲ್ಲಿ ಶಾಲೆಯ ಬಗೆಗಿದ್ದ ಸಾಲು ವಿಶ್ವಕೋಶದ ಸಾಲೇ. ‘ಸ್ವಾತಂತ್ರ್ಯಕ್ಕೂ ಮುಂಚೆಯೇ’ ಎಂಬ ಮಾತಿನ ನಂತರದ ಅಲ್ಪವಿರಾಮವೂ ಹಾಗೇ ಇತ್ತು. ಬರೆದವರು ನಮ್ಮ ಪುಟ ನೋಡಿ ನಕಲು ಮಾಡಿದ್ದರು, ಗುರುತನ್ನು ಮಾತ್ರ ಬಿಟ್ಟು. ಈಗ ವಿಶ್ವಕೋಶದಲ್ಲಿ ಯಾರೋ ಅದೇ ಲೇಖನವನ್ನು ಆಧಾರವಾಗಿ ಕೊಟ್ಟು ‘ಸಾಕ್ಷ್ಯಾಧಾರ ಬೇಕಾಗಿದೆ’ಯನ್ನು ತೆಗೆದಿದ್ದರು. ಸಾಲು ತನ್ನ ನೆರಳನ್ನೇ ಸಾಕ್ಷಿ ಕರೆದು ಗೆದ್ದಿತ್ತು.

ಪುಟದ ಹಿಂದೆ ಚರ್ಚೆಗೆಂದೇ ಒಂದು ಜಾಗವಿರುತ್ತದೆ. ಅಲ್ಲಿ ಬರೆದೆ. ನಮ್ಮ ಸಾಲು ಮೊದಲು, ಪತ್ರಿಕೆಯದು ಆಮೇಲೆ, ಬೇಕಾದರೆ ದಿನಾಂಕ ನೋಡಿ ಎಂದೆ. ಗುರುತು ತೆಗೆದಾತ ಒಳ್ಳೆಯ ಮನುಷ್ಯನೇ ಇರಬೇಕು. ಮರುದಿನವೇ ಉತ್ತರ ಬರೆದಿದ್ದ. ನೀವು ಹೇಳುವುದು ಇರಬಹುದು ಮೇಡಂ, ಆದರೆ ಪತ್ರಿಕೆ ನಕಲು ಮಾಡಿತು ಎಂಬುದೂ ನಿಮ್ಮ ಊಹೆಯೇ. ಆ ಮಾಹಿತಿ ತಪ್ಪು ಎಂದು ಎಲ್ಲಾದರೂ ಅಚ್ಚಾಗಿದೆಯೇ ಎಂದು ಕೇಳಿದ್ದ. ಶಾಲೆ ತೆರೆದಾಕೆಯ ಸ್ವಂತ ಮಗಳು ನಮ್ಮ ಮನೆಯಲ್ಲೇ ಇದ್ದಾರೆ, ಅವರ ಮಾತನ್ನು ರೆಕಾರ್ಡ್ ಮಾಡಿ ಕೊಡಲೇ ಎಂದು ನಾನು ಕೇಳಿದೆ. ಮನೆಯವರ ಬಾಯಿಮಾತನ್ನು ಆಧಾರವಾಗಿ ತೆಗೆದುಕೊಳ್ಳಲು ಬರುವುದಿಲ್ಲ, ನಿಮಗೇ ಗೊತ್ತಿರುವ ನಿಯಮ ಎಂದ. ಗೊತ್ತಿತ್ತು. ಹಿಂದೊಮ್ಮೆ ಕ್ಯಾಂಟನ್ ಲೈಬ್ರರಿಯ ಕೋಣೆಯಲ್ಲಿ ಇಲ್ಲಿಯ ಕನ್ನಡದವರನ್ನು ಕೂಡಿಸಿ, ವಿಶ್ವಕೋಶಕ್ಕೆ ಹೊಸದಾಗಿ ಬರೆಯಲು ಬಂದವರಿಗೆ ಆ ನಿಯಮವನ್ನು ಪಾಠ ಮಾಡಿದವಳು ನಾನೇ. ಅದು ಒಳ್ಳೆಯ ನಿಯಮ. ಅದಿಲ್ಲದಿದ್ದರೆ ಊರಿಗೊಬ್ಬ ರಾಜನೂ ಮನೆಗೊಬ್ಬ ಋಷಿಯೂ ಹುಟ್ಟಿಕೊಳ್ಳುತ್ತಾರೆ. ನಾನು ಚರ್ಚೆಯ ಪುಟ ಮುಚ್ಚಿದೆ.

ನಾನು ಮುಚ್ಚಿಟ್ಟದ್ದು ಅತ್ತೆಗೆ ಬೇರೆ ದಾರಿಯಿಂದ ತಿಳಿಯಿತು. ಊರಲ್ಲಿರುವ ಅವರ ಅಣ್ಣನ ಮಗ ಫೋನ್ ಮಾಡಿದ್ದ. ಅತ್ತೆಗೆ ಕಿವಿ ಮಂದವಾಗಿದ್ದರಿಂದ ಫೋನನ್ನು ಸ್ಪೀಕರಿನಲ್ಲಿಟ್ಟು ಮಾತಾಡುತ್ತಿದ್ದರು. ಶಾಲೆಗೆ ಹೊಸ ಕಮಾನು ಕಟ್ಟಿಸುತ್ತಿದ್ದಾರೆ, ಸ್ಥಾಪಕರೆಂದು ಸಾಹುಕಾರರ ಹೆಸರು ಕೆತ್ತಿಸುತ್ತಾರೆ ಎಂದ.

“ಅವರು ಖೋಲಿ ಕಟ್ಟಿಸ್ಯಾರಪಾ. ಸುರು ಮಾಡಿದ್ದು ನಿಮ್ಮಜ್ಜಿ. ನಿಮ್ಮಪ್ಪ ಹೇಳಿಲ್ಲೇನು?” ಅಂದರು ಅತ್ತೆ.

“ಅಪ್ಪಾರು ಏನೋ ಅಂತಿದ್ರು ಅತ್ತಿ. ನಾನೂ ಕಮಿಟ್ಯಾಗ ಕೇಳ್ದೆ. ಇಂಟರ್ನೆಟ್‌ನ್ಯಾಗ ಸಾವಕಾರ್ರು ಅಂತನ ಐತಿ, ಪೇಪರ್‌ನ್ಯಾಗೂ ಬಂದೈತಿ ಅಂದ್ರು. ನಾ ಏನಂತ ವಾದಾ ಮಾಡ್ಲಿ?”

ಅತ್ತೆ ಅವನ ಹೆಂಡತಿ ಮಕ್ಕಳ ಕ್ಷೇಮ ಕೇಳಿ ಫೋನ್ ಇಟ್ಟರು. ಆಮೇಲೆ ನನ್ನನ್ನು ಕರೆದು ತಮ್ಮ ಊರಿನ ಪುಟ ತೆಗೆಯಲು ಹೇಳಿದರು. ತೆಗೆದೆ. ತಾವೇ ಓದಿಕೊಂಡರು. ಅವ್ವನ ಹೆಸರು ಎಲ್ಲೂ ಇರಲಿಲ್ಲ. ನಾನು ಆದದ್ದೆಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ನಾ ಆಗ ಭಾಳ ಸಣ್ಣಾಕಿ,” ಅಂದರು. “ನನಗ ತಪ್ಪು ನೆಪ್ಪಿರಬೇಕು.”

“ಇಲ್ಲ ಅತ್ತೆ. ಮೊರದಲ್ಲಿ ಉಸುಕು ಹರವಿ ಬರೆಸ್ತಿದ್ದದ್ದು ನಿಮಗೆ ಅಷ್ಟು ಚೆನ್ನಾಗಿ ನೆನಪಿದೆಯಲ್ಲ?”

“ಅದು ಸಾವಕಾರ್ರ ಸಾಲ್ಯಾಗ ಇದ್ದೀತು. ನಾ ಅವ್ವ ಅಂತ ತಿಳ್ಕೊಂಡಿದ್ದೇನೋ.”

ಅಂದಿನಿಂದ ಅವರ ಮಾತಿನ ರೀತಿಯೇ ಬದಲಾಯಿತು. ಮೊದಲೆಲ್ಲ ಊರಿನ ಕಥೆ ಹೇಳುವಾಗ ಯಾರ ಮನೆಯ ಬಾಗಿಲು ಯಾವ ದಿಕ್ಕಿಗೆ, ಯಾರ ಮದುವೆಗೆ ಯಾವ ಸಿಹಿ ಎಂದು ತಡವರಿಸದೆ ಹೇಳುತ್ತಿದ್ದವರು, ಈಗ ನಡುವೆ ನಿಲ್ಲಿಸಿ ನನ್ನ ಮುಖ ನೋಡುವರು. ತಮ್ಮ ಮದುವೆ ಯಾವ ಹಬ್ಬದ ಹಿಂದಿನ ವಾರ ಎಂಬುದನ್ನೂ ಮಗನನ್ನು ಕೇಳಿ ಖಚಿತ ಮಾಡಿಕೊಳ್ಳಲು ನೋಡುವರು. ಮಗ ಹುಟ್ಟುವುದಕ್ಕೆ ಮುಂಚಿನ ಮಾತು ಅದು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡಿ ಮರೆವಿನ ಕಾಯಿಲೆಯೇನೂ ಇಲ್ಲ, ವಯಸ್ಸಿಗೆ ಹೋಲಿಸಿದರೆ ಬುದ್ಧಿ ಚುರುಕಾಗಿದೆ ಎಂದರು. ಅದನ್ನು ಕೇಳಿ ನಮ್ಮ ಯಜಮಾನರಿಗೆ ನಿರಾಳವಾಯಿತು. ನನಗೆ ಆಗಲಿಲ್ಲ. ಕಾಯಿಲೆಯಾಗಿದ್ದರೆ ಕಾಯಿಲೆಯನ್ನು ದೂರಬಹುದಿತ್ತು.

ಅದರ ಮುಂದಿನ ಯುಗಾದಿಗೆ ಇಲ್ಲಿಯ ಕನ್ನಡದವರು ಸ್ಮರಣ ಸಂಚಿಕೆಯೊಂದನ್ನು ತಂದರು. ಹಿರಿಯರ ನೆನಪುಗಳನ್ನು ಸಂಗ್ರಹಿಸಲು ನನ್ನ ವಯಸ್ಸಿನ ಒಬ್ಬ ಹೆಂಗಸು, ವೃತ್ತಿಯಿಂದ ಹಲ್ಲಿನ ಡಾಕ್ಟರು, ಮನೆಮನೆಗೂ ಹೋಗುತ್ತಿದ್ದರು. ನಮ್ಮಲ್ಲಿಗೂ ಬಂದರು. ನಾನು ಒಳಗೊಳಗೇ ಆಸೆಪಟ್ಟೆ. ಅಚ್ಚಾದದ್ದು ಬೇಕು ಎಂದಿದ್ದರಲ್ಲ, ಇಲ್ಲಿ ಅಚ್ಚಾಗುತ್ತದೆ. ಸಣ್ಣ ಸಂಚಿಕೆಯಾದರೇನು, ಅಚ್ಚು ಅಚ್ಚೇ. ಬೆಳಿಗ್ಗೆಯೇ ಅತ್ತೆಗೆ, “ನಿಮ್ಮವ್ವನ ಶಾಲೆ ವಿಷಯ ಹೇಳಿ,” ಎಂದಿದ್ದೆ. ಅವರು ಹೂಂ ಅಂದಿದ್ದರು.

ಡಾಕ್ಟರು ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ, “ಆಂಟಿ, ನಿಮ್ಮೂರ ಬಗ್ಗೆ ಹೇಳಿ. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನ ಓದಿಸ್ತಿದ್ರಾ?” ಎಂದರು. ನಾನು ಹೇಳಿಕೊಡದೆಯೇ ಆ ಪ್ರಶ್ನೆ ಬಂದಿತ್ತು.

ಅತ್ತೆ ಸೆರಗು ಸರಿಮಾಡಿಕೊಂಡರು. “ಓದಸ್ತಿದ್ರವಾ. ನಮ್ಮೂರಾಗ ಸ್ವಾತಂತ್ರ್ಯಕ್ಕೂ ಮೊದಲ ಹೆಣ್ಮಕ್ಕಳ ಸಾಲಿ ಇತ್ತು. ಊರ ಸಾವಕಾರ್ರು ತಗದಿದ್ರು.”

“ನೀವೂ ಅಲ್ಲೇ ಓದಿದ್ದಾ ಆಂಟಿ?”

“ಹೌದು, ಅಲ್ಲೇ.”

ನನ್ನ ಬಾಯಿಗೆ ಮಾತು ಬಂತು. ಅತ್ತೆ ನನ್ನ ಕಡೆ ನೋಡಿ ಬೇಡ ಎನ್ನುವಂತೆ ತಲೆಯಾಡಿಸಿದರು. ಡಾಕ್ಟರು ಹೋದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

“ಎಲ್ಲಾರೂ ಓದಿದ್ದನ್ನ ಹೇಳೀನಿ. ಬ್ಯಾರೆ ಹೇಳಿದ್ರ ಆಕಿ ನಿನ್ನ ಕಡಿ ತಿರುಗಿ ಖರೆ ಏನ್ರೀ ಅಂತಿದ್ಲು. ಆವಾಗ ನೀ ಏನಂತಿದ್ದಿ?” ಅಂದರು.

ಸಂಚಿಕೆ ಹೊರಬಂತು. ಅತ್ತೆಯ ಫೋಟೊ ಚೆನ್ನಾಗಿ ಬಂದಿತ್ತು.

ಅದರ ಮರುವರ್ಷ, ಪಾರ್ಕಿಂಗ್ ಲಾಟುಗಳ ಅಂಚಿನಲ್ಲಿ ಹಿಮ ಇನ್ನೂ ಕರಗದೆ ಕಪ್ಪಗೆ ಬಿದ್ದಿದ್ದಾಗ, ಅತ್ತೆ ನ್ಯುಮೋನಿಯಾದಿಂದ ತೀರಿಕೊಂಡರು. ಬೋಲಿಂಗ್‌ಬ್ರೂಕಿನಿಂದ ಮಗಳು ಸುದ್ದಿ ಕೇಳಿದ ತಕ್ಷಣ ಹೊರಟು ಮಂಜಿನಲ್ಲಿ ಡ್ರೈವ್ ಮಾಡಿಕೊಂಡು ಬಂದಳು. ಅಂತ್ಯಕ್ರಿಯೆಗೆ ಇಲ್ಲಿಯ ಫ್ಯೂನರಲ್ ಹೋಮಿನಲ್ಲಿ ಜನ ಸೇರಿದ್ದರು. ಇಲ್ಲಿಯ ಪದ್ಧತಿಯಂತೆ ಮನೆಯವರೊಬ್ಬರು ಎದ್ದು ನಾಲ್ಕು ಮಾತಾಡಬೇಕು. ನಮ್ಮ ಯಜಮಾನರು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರು. ಎದ್ದುಹೋಗುವ ಮುಂಚೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

“ಅಜ್ಜಿ ಸಾಲಿ ವಿಷಯ ಬರ್ಕೊಂಡಿದೀನಿ. ಹೇಳಬಹುದಾ?”

ಅವರ ಸ್ವಂತ ಅಜ್ಜಿ. ಚಿಕ್ಕಂದಿನಲ್ಲಿ ಅವರು ಆಕೆಯ ತೊಡೆಯ ಮೇಲೆ ಕೂತು ಬೆಳೆದವರು. ಅದನ್ನು ಹೇಳಲು ನನ್ನ ಒಪ್ಪಿಗೆ ಕೇಳುತ್ತಿದ್ದರು.

“ಹೇಳಿ,” ಅಂದೆ.

ಅವರು ಹೇಳಿದರು. ಆದರೆ ಹೇಳಿ ಮುಗಿಸಿ, ಹಾಳೆಯಲ್ಲಿ ಇರದಿದ್ದ ಮಾತೊಂದನ್ನು ಸೇರಿಸಿದರು. “ಅಂತ ನಮ್ಮವ್ವ ಹೇಳ್ತಿದ್ಲು.” ಮಗಳು ನನ್ನ ಕೈ ಹಿಡಿದಿದ್ದಳು. ಆ ಮಾತು ಕೇಳಿ ಅವಳ ಹಿಡಿತ ಬಿಗಿಯಾಯಿತು.

ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಜನರನ್ನು ಬೀಳ್ಕೊಡುತ್ತಿದ್ದೆವು. ಸ್ಮರಣ ಸಂಚಿಕೆಯ ಆ ಡಾಕ್ಟರು ನಮ್ಮ ಯಜಮಾನರ ಕೈ ಹಿಡಿದು, “ನಿಮ್ಮ ಅಜ್ಜಿ ಶಾಲೆ ಶುರು ಮಾಡಿದ್ರಾ? ಆಂಟಿ ನನ್ನ ಹತ್ರ ಬೇರೆ ಥರ ಹೇಳಿದ್ರಲ್ಲ?” ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದರು.

ನಮ್ಮ ಯಜಮಾನರು “ನನಗೂ ಸರಿಯಾಗಿ ಗೊತ್ತಿಲ್ಲ ಡಾಕ್ಟ್ರೇ,” ಎಂದು, ಅವರಿಗೆ ಕೋಟು ತೊಟ್ಟುಕೊಳ್ಳಲು ಸಹಾಯ ಮಾಡಿದರು.